ಗಾಜು ಮಸುಕಾಗುವ ದಿನ

ಅಂಗಡಿಯಿಂದ, ಸೋಮವಾರ ಬೆಳಿಗ್ಗೆ

ನಮ್ಮ ಮನೆಯ ಸಮುದ್ರದವಳಿಗೆ,

ನಿನ್ನ ಕಾಗದ ತಲುಪಿತು. ಹಡಗು ಇನ್ನೇನು ಬಂದರು ಸೇರುತ್ತದೆ, ಇಳಿದು ಮನೆಗೆ ಬರುವುದೋ ಇನ್ನೊಂದು ಸುತ್ತು ಹೋಗುವುದೋ ತಿಳಿಯದು ಎಂದಿದ್ದೀಯ. ಹೊರಡುವಾಗ ಬಾಗಿಲಲ್ಲಿ ನಿಂತು ಆಡಿದ ಮಾತನ್ನೇ ಮತ್ತೆ ಬರೆದಿದ್ದೀಯ: ಅಂಗಡಿಯ ಗಾಜು ಮಸುಕಾಗಿ ಮೊದಲ ಕೋಟು ಹೊರಗೆ ಬಿದ್ದ ದಿನ ತಿಳಿಸಿ, ಬರ್ತೀನಿ.

ನಮ್ಮ ಪದ್ಧತಿ ನಿನಗೆ ಗೊತ್ತು. ಬೀದಿಯವರೆಲ್ಲ ಕ್ಯಾಲೆಂಡರ್ ನೋಡಿ ಉಣ್ಣೆ ಹೊರತೆಗೆದರೆ ನಾನು ಗಾಜು ನೋಡಿ ತೆಗೆಯುವವನು. ಬೆಳಿಗ್ಗೆ ಅದರ ಮೇಲೆ ಬೆರಳಿನ ಗೆರೆ ಮೂಡಿದರೆ ಕೋಟು ಬಾಗಿಲಿಗೆ, ಇಲ್ಲವಾದರೆ ಪೆಟ್ಟಿಗೆಯಲ್ಲೇ. ಈ ಸಲ ಗಾಜು ಜಪ್ಪಯ್ಯ ಎಂದರೂ ಮಸುಕಾಗುತ್ತಿಲ್ಲ. ಪಕ್ಕದ ಕ್ಷೌರದಂಗಡಿಯವನು ದಿನಾ ಇಣುಕಿ, ಏನಣ್ಣ, ನಿಮ್ಮ ಕೋಟುಗಳಿಗೂ ಸೆಖೆ ಆಗ್ತಿರಬೇಕು, ತೋಳು ಕತ್ತರಿಸಿ ಕೊಡ್ಲಾ ಎನ್ನುತ್ತಾನೆ. ನಿನ್ನಮ್ಮನದೂ ಒಂದು ಸಲಹೆ: ಅಳಿಯಂದ್ರೇ, ಬನಿಯನ್ ವ್ಯಾಪಾರಕ್ಕೆ ಇಳೀರಿ.

ದೂರದ ಕಡಲು ಬಿಸಿಯೇರುತ್ತಿದೆ, ಈ ಸಲ ಚಳಿ ಕಡಿಮೆಯಾಗಬಹುದು ಎಂದು ಹೊರಡುವ ಮೊದಲೇ ನೀನು ಹೇಳಿದ್ದೆ. ಅಷ್ಟು ದೂರದ ನೀರು ಬೆಚ್ಚಗಾದರೆ ನನ್ನ ಅಂಗಡಿಗೇನು ಎಂದು ನಾನು ನಕ್ಕಿದ್ದೆ. ನೀನು ನಗಲಿಲ್ಲ. ಮೇಜಿನ ಮೇಲೆ ಹಾಸಿದ್ದ ಬಟ್ಟೆಯ ಆ ತುದಿ ಎಳೆದೆ. ಈ ತುದಿಯಲ್ಲಿ, ನನ್ನ ಕತ್ತರಿಯ ಮುಂದೆ, ನೆರಿಗೆ ಬಿತ್ತು. ಅಲ್ಲಿ ಕಡಲು ಬಿಸಿಯಾದರೆ ಮೇಲಿನ ಗಾಳಿ ದಾರಿ ಬದಲಿಸುತ್ತದೆ, ನಮ್ಮತ್ತ ಇಳಿಯಬೇಕಾದ ಶೀತ ದೂರದಲ್ಲೇ ಉಳಿದುಬಿಡುತ್ತದೆ ಎಂದು ನೀನು ತಿಳಿಸಿದೆ. ಆಮೇಲೆ ಬಟ್ಟೆ ಸವರುತ್ತ, ಇದು ಬರೀ ಗಾಳಿಯ ಒಲವು, ಖಾತರಿಯಲ್ಲ, ಅಂಥ ವರ್ಷದಲ್ಲೂ ಒಂದು ವಾರ ಗಡಗಡ ನಡುಗಿಸಬಹುದು ಎಂದು ಸೇರಿಸಿದೆ. ಖಾತರಿಯಿಲ್ಲದ ಮಾಲನ್ನು ಯಾರು ಕೊಳ್ತಾರೆ ಎಂದುಬಿಟ್ಟೆ ನಾನು. ಮರುವಾರವೇ ನೀನು ಹಡಗು ಹತ್ತಿದೆ.

ಈಗ ನಿದ್ದೆಯಲ್ಲಿ ಆ ಬಟ್ಟೆಯೇ ಬರುತ್ತದೆ. ನೀಲಿ, ಅಂಚು ಕಾಣದಷ್ಟು ಅಗಲ. ಅದರ ಆಚೆ ತುದಿಯಲ್ಲಿ ಕುಳಿತು ನೀನು ನೀರಿನ ಬಿಸಿ ಅಳೆಯುವ ತೇಲುಯಂತ್ರಗಳನ್ನು ರಿಪೇರಿ ಮಾಡುತ್ತಿರುತ್ತೀಯ. ನೀನು ಮೊಣಕಾಲು ಮಡಚಿದರೆ ಇಲ್ಲಿ ನಮ್ಮ ಬೀದಿ ಮೆಲ್ಲಗೆ ಏಳುತ್ತದೆ. ಕೋಟುಗಳು ಖಾಲಿ ತೋಳು ಬೀಸುತ್ತ ನಿನ್ನ ಕಡೆ ತೇಲಿಹೋಗುತ್ತವೆ. ಎಚ್ಚರಾದಾಗ ಕಿಟಕಿಯಿಂದ ಬೆಚ್ಚನೆಯ ಗಾಳಿ. ನಿನ್ನ ಕಡಲನ್ನು ಮುಟ್ಟಿ ಬಂದದ್ದಿರಬೇಕು ಎಂದುಕೊಂಡು ಮುಚ್ಚದೆ ಮಲಗುತ್ತೇನೆ. ವ್ಯಾಪಾರಸ್ಥ ಹೀಗೆಲ್ಲ ಬರೆಯಬಾರದು.

ವಿಷಯಕ್ಕೆ ಬರುತ್ತೇನೆ. ಇಂದು ಗಾಜು ಮಸುಕಾಗಿದೆ. ಗೆರೆ ಎಳೆದೆ, ಚೆನ್ನಾಗಿ ಮೂಡಿತು. ಪದ್ಧತಿಯಂತೆ ಮೊದಲ ಕೋಟು ಬಾಗಿಲಿಗೆ ಹಾಕಿದ್ದೇನೆ. ನಿನ್ನ ಬೂದು ಬಣ್ಣದ್ದೇ. ಮಾರಾಟಕ್ಕಲ್ಲ ಎಂದು ಚೀಟಿಯನ್ನೂ ಸಿಕ್ಕಿಸಿದ್ದೇನೆ. ಇನ್ನು ನಿನ್ನಿಷ್ಟ.

ಇತಿ,
ನಿನ್ನ ಕೋಟಿನವನು

ಮರೆತಿದ್ದೆ: ಕ್ಷೌರದಂಗಡಿಯವನು ನಿನಗೆ ಚಾಡಿ ಹೇಳುವ ಮೊದಲು ನಾನೇ ಹೇಳುತ್ತೇನೆ. ಗಾಜಿನ ಪಕ್ಕ ಕೆಟಲ್ ಇಟ್ಟು ನೀರು ಕುದಿಸಿದೆ. ಚಳಿ ಇನ್ನೂ ಬಂದಿಲ್ಲ. ಆದರೂ ಬಾ.