ಮೊಳೆಶಾಸ್ತ್ರ

ಕಪ್ಪತಗುಡ್ಡದ ತಪ್ಪಲು, ೨೧೬೩ರ ಕಾರ್ತಿಕ ಮಾಸ

ನೂರು ವರ್ಷಕ್ಕೂ ಹಿಂದಿನ ಹಿರಿಯರೇ, ತಾರೀಖು ನೋಡಿ ನಗಬೇಡಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ನಿಂಬೆವ್ವ, ಇಲ್ಲಿನ ಗಾಳಿಯಂತ್ರಗಳ ಬ್ಯಾಟರಿ ದುರಸ್ತಿ ಮಾಡುವವಳು.

ನಮ್ಮ ಬ್ಯಾಟರಿಗಳೊಳಗೆ ಇರುವುದು ತಣ್ಣುಪ್ಪು. ಕಾಯಿಸದೆ, ನೀರು ಬೆರೆಸದೆ ತಾನಾಗಿಯೇ ದ್ರವವಾಗಿರುವ ಉಪ್ಪು ಅದು, ಬೆಂಕಿ ಹಿಡಿಯುವುದಿಲ್ಲ. ಅದನ್ನು ಮೊದಲು ಮಾಡಿ ನೋಡಿದವರು ನಿಮ್ಮ ಕಾಲದವರೇ ಎಂದು ಕೇಳಿದ್ದೇನೆ. ಕಾಕಂಬಿಯ ಹಾಗೆ ಮಂದ, ಚಾರ್ಜ್ ಆಗಲು ಅರ್ಧ ದಿನ ಬೇಕು. ತಾಳಿದವನು ಬಾಳಿಯಾನು ಎಂದುಕೊಂಡು ಅಷ್ಟರಲ್ಲಿ ನಾವು ರೊಟ್ಟಿ ಬಡಿಯುತ್ತೇವೆ, ಜಗಳವಾಡಿ ರಾಜಿಯೂ ಆಗುತ್ತೇವೆ. ಮನೆಗೆ ಬ್ಯಾಟರಿ ಬಂದ ದಿನ ಮೊಳೆಶಾಸ್ತ್ರ: ಅದರ ಒಂದು ಕೋಶಕ್ಕೆ ಮನೆಮಗಳು ಮೊಳೆ ಹೊಡೆಯಬೇಕು. ಏನೂ ಆಗುವುದಿಲ್ಲ. ಎಲ್ಲರೂ ನಗುತ್ತಾರೆ, ಸಜ್ಜಕ ಉಣ್ಣುತ್ತಾರೆ. ಯಾಕೆ ಹೊಡೆಯುತ್ತೇವೆ ಎಂಬುದನ್ನು ಮರೆತು ಮೂರು ತಲೆಮಾರಾಗಿತ್ತು.

ನೀವು ಹಳೆಯ ಬ್ಯಾಟರಿ ಹೂತಿಟ್ಟ ಗುಂಡಿಯೊಂದರಲ್ಲಿ ಹೋದ ವರ್ಷ ನಮಗೆ ಒಂದು ಬ್ಯಾಟರಿ ಸಿಕ್ಕಿತು. ಮೇಲೆ ಅಂಟಿಸಿದ್ದ ಕಾಗದ ಮಣ್ಣಾಗಿತ್ತು. ಚಾರ್ಜಿಗೆ ಹಾಕಿದರೆ ಒಂದೇ ಗಂಟೆಯಲ್ಲಿ ತುಂಬಿತು. ನಾವು ಕುಣಿದಾಡಿದೆವು. ಮಗಳು ಶೈಲವ್ವ ಸುತ್ತಿಗೆ ಎತ್ತಿ, "ಯವ್ವಾ, ಹೊಡೀಲೇನು?" ಎಂದಳು.

"ಹೊಡಿಯವ್ವಾ, ಸಜ್ಜಕ ಆರಾಕತ್ತೈತಿ" ಎಂದೆ.

ನಾನು ಅವಳಿಗೆ ಆಡಿದ ಕೊನೆಯ ಮಾತು ಅದು. ನಿಮ್ಮ ಬ್ಯಾಟರಿಯೊಳಗೆ ಇದ್ದದ್ದು ಉರಿಯುವ ದ್ರವ. ಬೆಂಕಿ ಎಲ್ಲಿಂದ ಬಂತೆಂದು ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬ್ಯಾಟರಿ ಉರಿಯುತ್ತದೋ ಇಲ್ಲವೋ ಎಂದು ನೋಡಲೆಂದೇ ಹಿಂದಿನವರು ಮೊಳೆ ಹೊಡೆಯುತ್ತಿದ್ದರೆಂದು ಆಗ ಹೊಳೆಯಿತು. ಊರಲ್ಲಿ ಶಾಸ್ತ್ರ ನಿಂತಿತು. ನನಗೆ ಮಾತ್ರ ಕಣ್ಣು ಮುಚ್ಚಿದರೆ ಸಾಕು, ಅವಳು ಸುತ್ತಿಗೆ ಹಿಡಿದು ಮತ್ತೆ ಕೇಳುತ್ತಾಳೆ.

ನಿಮ್ಮ ಮೇಲೆ ಸಿಟ್ಟಿದೆ, ಸುಳ್ಳೇಕೆ ಹೇಳಲಿ? ಬೆಂಕಿ ಹಿಡಿಯದ ದ್ರವವನ್ನು ಹುಡುಕುವಷ್ಟು ಬುದ್ಧಿ ನಿಮಗಿತ್ತು. ಹಳೆಯದನ್ನು ಹೂಳುವಾಗ ಆ ಬುದ್ಧಿ ಎಲ್ಲಿ ಹೋಯಿತು? ಇನ್ನಾದರೂ ಒಂದು ಕೆಲಸ ಮಾಡಿ. ಹೂಳುವ ಮುನ್ನ ಉರಿಯುವ ಬ್ಯಾಟರಿಯ ತಗಡಿನ ಮೇಲೆ ಜ್ವಾಲೆಯ ಗುರುತು ಕೊರೆಯಿರಿ. ಕಾಗದ ಬೇಡ. ಕಣ್ಣು ಮಂಜಾದವರ ಬೆರಳಿಗೂ ಸಿಗುವಷ್ಟು ಆಳವಾಗಿರಲಿ.

ನಾಳೆ ಎರಡನೆಯ ಗುಂಡಿ ತೆಗೆಯುತ್ತೇವೆ. ಹಳೆಯವನ್ನು ಒಡೆದು ಲಿಥಿಯಂ ತೆಗೆಯದೆ ನಮಗೆ ಬೇರೆ ಗತಿಯಿಲ್ಲ. ಅದರಲ್ಲಿ ಉರಿಯುವವೂ ತಣ್ಣುಪ್ಪಿನವೂ ಬೆರೆತಿವೆಯಂತೆ. ಒಡೆಯುವವಳು ಶೈಲವ್ವನ ಮಗಳು ಮುಕ್ತಾ. ಒಂದೊಂದನ್ನೂ ಅವಳ ಮುಂದೆ ಇಡುವ ಮೊದಲು ನಾನು ಮಣ್ಣು ಒರೆಸಿ ಬೆರಳಾಡಿಸುತ್ತೇನೆ. ಗುರುತು ಸಿಕ್ಕರೆ ಈ ಓಲೆ ನಿಮಗೆ ಮುಟ್ಟಿತೆಂದು ತಿಳಿಯುತ್ತೇನೆ.

ಸಿಗದಿದ್ದರೆ ಅದು ತಣ್ಣುಪ್ಪಿನದೋ, ಓಲೆಯೇ ಮುಟ್ಟಲಿಲ್ಲವೋ ತಿಳಿಯದು. ಅವಳು ಸುತ್ತಿಗೆ ಎತ್ತಿ ತನ್ನ ಅವ್ವನ ಹಾಗೆಯೇ ನನ್ನನ್ನು ಕೇಳುತ್ತಾಳೆ. ಆಗ ನಾನು ಏನು ಹೇಳಲಿ?

ನಿಂಬೆವ್ವ