ಮೇಣದ ಮೇಲಿನ ಹಲ್ಲುಗುರುತು

ಮಾರ್ಚ್ ೯, ಭಾನುವಾರ

ಇಲಿ ಬಂದರೆ ಗೊತ್ತಾಗಲಿ ಎಂದು ದಡದಲ್ಲಿಟ್ಟ ಮೇಣದ ಮೇಲೆ ಇವತ್ತು ಹಲ್ಲುಗುರುತು. ಈ ದ್ವೀಪದ ಕೊನೆಯ ಇಲಿಯನ್ನು ಹಿಡಿಯುವಷ್ಟರಲ್ಲಿ ನಮ್ಮ ತಲೆ ನರೆತಿತ್ತು. ಅದಕ್ಕೇ ದೋಣಿ ಹತ್ತುವ ಮುಂಚೆ ಎಲ್ಲರ ಚೀಲವನ್ನೂ ಮುಚ್ಚಿದ ಕೋಣೆಯಲ್ಲಿ ಬಿಚ್ಚಿ ಕೊಡವುತ್ತೇವೆ. ನನ್ನ ಕಾಲುಚೀಲವನ್ನೂ ಬಿಡುವುದಿಲ್ಲ. ಹೋದ ತಿಂಗಳು ನಮ್ಮ ಇಲಾಖೆಯ ನಿರ್ದೇಶಕರ ಅತಿಥಿಗಳ ಊಟದ ಪೆಟ್ಟಿಗೆಗಳು ಮಾತ್ರ ಬಿಚ್ಚದೆ ಹಾಗೇ ಬಂದವು.

ರೇಡಿಯೋದಲ್ಲಿ ವಿಷಯ ತಿಳಿಸಿದೆ. "ಒಂದು ಇಲಿಗೆ ಇಷ್ಟೊಂದು ರಂಪ ಯಾಕಮ್ಮ? ದೊಡ್ಡವರ ಸಾಮಾನು ಬಿಚ್ಚಿ ನೋಡೋಕಾಗುತ್ತಾ?" ಅಂದರು ನಿರ್ದೇಶಕರು.

"ಇಲಿಗೆ ಯಾರ ಸಾಮಾನಾದ್ರೂ ಒಂದೇ ಸರ್," ಅಂದೆ.

ದೊಡ್ಡವರಂತೆ, ದೊಡ್ಡವರು! ರೇಡಿಯೋವನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು. ಇರುವುದು ಅದೊಂದೇ.

ಇಲ್ಲಿನ ಕಡಲಹಕ್ಕಿಗಳು ಬಿಲದೊಳಗೆ ಮರಿ ಮಾಡುತ್ತವೆ. ಅಪ್ಪ ಅಮ್ಮ ಮೀನಿಗೆಂದು ಹೋದರೆ ಮರಿ ಒಂಟಿ. ಇಲಿ ಜೀವಂತ ಕಿತ್ತು ತಿನ್ನುತ್ತಿದ್ದರೂ ಕೂತಲ್ಲೇ ಕೂತಿರುತ್ತದೆ. ಶತ್ರು ಅಂದರೇನೆಂದೇ ಅದಕ್ಕೆ ಗೊತ್ತಿಲ್ಲ.

ಸಂಜೆ ಮೇಣದ ಪಕ್ಕದ ಬಿಲಕ್ಕೆ ಕೈ ಹಾಕಿದೆ. ಬೆಚ್ಚಗೆ ತುಪ್ಪಳ ಸಿಕ್ಕಿತು. ಸದ್ಯ, ಬದುಕಿದೆ. ಮರಿ ಬೆದರಲಿಲ್ಲ. ನನ್ನ ಬೆರಳನ್ನು ಮೆಲ್ಲಗೆ ಕುಟುಕಿ ಊಟ ಕೇಳಿತು.

ಇಲಿ ಬಂದಾಗಲೂ ಹೀಗೆಯೇ ಕೇಳುತ್ತದೆ.