ಆಚೆ ದಡ ಮುಟ್ಟಿದ ಮರ

ಪುರಸಭೆಯ ಮಿಲೋಯೆ ಅವರಿಗೆ, ನಮಸ್ಕಾರ.

ಬಿರುಗಾಳಿಗೆ ನನ್ನ ದಂಡೆಯ ಪಾಪ್ಲರ್ ಮರಗಳು ಹೊಳೆಗೆ ಬಿದ್ದಿವೆ, ತೆಗೆಸುವ ಖರ್ಚು ನನ್ನದೇ ಎಂದು ಬರೆದಿದ್ದಿರಿ. ಒಪ್ಪಿದ್ದೇನೆ. ಹಂದಿ ಮಾರಿ ಬಂದ ದಿನಾರ್‌ಗಳನ್ನು ಈ ಪತ್ರದೊಂದಿಗೆ ಕಳುಹಿಸಿದ್ದೇನೆ.

ಇಷ್ಟು ತಡವಾದದ್ದು ಹಣಕ್ಕಾಗಿ ಅಲ್ಲ. ಒಂದು ಮರ ಆಚೆ ದಡದವರೆಗೂ ಬಿದ್ದಿತ್ತು. ಸೇತುವೆ ದೂರವೆಂದು ವರ್ಷಗಳಿಂದ ಅಲ್ಲಿಂದಲೇ ಕೈಬೀಸುತ್ತಿದ್ದ ಗೆಳತಿ ಕ್ರುನಾ, ಆ ಮರದ ಮೇಲೆ ಕೂತು ಜರುಗುತ್ತಾ ದಿನವೂ ನನ್ನ ಮನೆಗೆ ಬರತೊಡಗಿದಳು. “ಕಾಫಿ ಇಡೇ ಸ್ತಾಮೆಂಕಾ! ನಾನು ಬಿದ್ರೆ ಇವತ್ತು ಮೀನುಗಳಿಗೆ ಹಬ್ಬ ಕಣೇ,” ಎಂದು ಹೊಳೆಯ ನಡುವಿನಿಂದಲೇ ಕೂಗುತ್ತಿದ್ದಳು. ನನ್ನ ಗಂಡ ತೀರಿಕೊಂಡ ಮೇಲೆ ನನ್ನನ್ನು ಹೆಸರು ಹಿಡಿದು ಕರೆದವರು ಬೇರೆ ಯಾರೂ ಇಲ್ಲ.

ಮೊನ್ನೆಯ ಮಳೆಯಲ್ಲಿ ಈ ಮರಗಳು ತಡೆದು ನಿಲ್ಲಿಸಿದ ನೀರು ಮೇಲಿನ ಕೇರಿಯ ಮನೆಗಳಿಗೆ ನುಗ್ಗಿತು. ಒಂದು ಮನೆಯಲ್ಲಿ ಕೂಸಿನ ತೊಟ್ಟಿಲೂ ನೆನೆದದ್ದನ್ನು ನೋಡಿ ಬಂದ ಕ್ರುನಾಳೇ, “ಸಾಕು ಕಣೇ, ತೆಗೆಸಿಬಿಡು,” ಎಂದಳು. ನಾನು ಇನ್ನೊಂದು ಸಲ ಕಾಫಿ ಇಟ್ಟೆ.

ಆ ಉದ್ದದ ಮರವೂ ಸೇರಿ ಎಲ್ಲವನ್ನೂ ತೆಗೆಸಿ. ಒಂದು ಕೋರಿಕೆ ಮಾತ್ರ ಇದೆ. ಕೆಲಸದವರು ಬುತ್ತಿ ತರುವುದು ಬೇಡ, ನಾನು ಬೀನ್ಸ್ ಕಾಳಿನ ಸಾರು ಮಾಡಿರುತ್ತೇನೆ. ಮರ ಕಡಿದಾದ ಮೇಲೆ ಅವಸರಪಡದೆ ಕೂತು ಉಂಡು ಹೋಗಲು ಅವರಿಗೆ ಹೇಳಿ.

ಇಂತಿ,
ಹೊಳೆದಂಡೆಯ ಸ್ತಾಮೆಂಕಾ